ಅಳಿಯನ ಕೆಳಗೆ ಎಳೆದ ಕೆಂಪು ಗೆರೆ

ನಿಮ್ಮದೇ ಭಾಷೆಯಲ್ಲಿ ನೀವು ಎಂದಾದರೂ ಫೇಲಾಗಿದ್ದೀರಾ? ಇಂಗ್ಲಿಷಿನಲ್ಲಿ ಅಲ್ಲ, ಡಚ್ಚಿನಲ್ಲೂ ಅಲ್ಲ. ಅಮ್ಮನ ಹತ್ತಿರ ಬೈಸಿಕೊಂಡ ಭಾಷೆಯಲ್ಲಿ? ಅದೂ ಅದರಲ್ಲೇ ಎಂ.ಎ. ಮಾಡಿ, ಅದರಿಂದಲೇ ಹನ್ನೆರಡು ವರ್ಷ ಸಂಬಳ ತೆಗೆದುಕೊಂಡು, ಕೊನೆಗೆ ಪರದೆ ತುಂಬ ಕೂತ ಕನ್ನಡಿಗರ ಎದುರು? ನಾನು ಆಗಿದ್ದೇನೆ. ಆದ್ದರಿಂದ ನಿಮಗೂ ಆಗಿದ್ದರೆ ಸಂಕೋಚ ಬೇಡ, ಕೊನೆಯವರೆಗೆ ಓದಿ.

ನಾನು ನಿವೃತ್ತನಾಗಿದ್ದೇನೆ ಎಂದು ಇಲ್ಲಿ ಬರೆದ ದಿನದಿಂದ ಕೆಲವು ಹುಡುಗ ಹುಡುಗಿಯರು ಇನ್‌ಬಾಕ್ಸಿನಲ್ಲಿ ಕೇಳುತ್ತಿದ್ದಾರೆ: "ಸರ್, ಹಳೇ ಕಾಗದ ಓದೋ ಕೆಲಸ ಹೇಗಿರತ್ತೆ? ನಮಗೂ ಸಿಗತ್ತಾ?" ನಿವೃತ್ತಿ ಎಂದರೆ ದೊಡ್ಡ ಹಾರ ತುರಾಯಿ ಏನಲ್ಲ. ಯೋಜನೆ ಮುಗಿಯಿತು, ಎರಡೂ ಕಣ್ಣಿಗೆ ಪೊರೆ ಬಂತು, ಐವತ್ತೆಂಟಕ್ಕೆ ನಾನೇ ನಿವೃತ್ತಿ ಘೋಷಿಸಿಕೊಂಡೆ. ಹೆಂಡತಿ ಸುಧಾ, "ಯಾವಾಗ ಕೆಲ್ಸ ಮಾಡ್ತಿದ್ದೆ ಅಂತ ಈಗ ನಿಲ್ಸೋದು?" ಅಂದಳು.

ಕೆಲಸ ಇಷ್ಟು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮುನ್ಸೀಫ್, ಅಂದರೆ ಕೆಳಗಿನ ಸಿವಿಲ್ ಕೋರ್ಟಿನ ಜಡ್ಜಿ, ಆಗಬೇಕೆಂದವರು ಕಾನೂನಿನ ಪರೀಕ್ಷೆಯ ಜೊತೆಗೆ ಆ ಜಿಲ್ಲೆಯ ಕೋರ್ಟಿನ ಭಾಷೆ ಬರುತ್ತದೆ ಎಂದೂ ತೋರಿಸಬೇಕಿತ್ತು. ಇತ್ತ ಡಚ್ಚರು ಜಾವಾಕ್ಕೆ ಕಳಿಸುವ ಜಡ್ಜಿಗಳಿಗೆ ಕಾನೂನಿನ ಜೊತೆ ಮಲಯ, ಜಾವಾನೀಸ್ ಓದಿಸುತ್ತಿದ್ದರು. ಆಳುವವರು ಯಾರಿಗೆ ನ್ಯಾಯ ಹೇಳುವ ಕುರ್ಚಿ ಕೊಟ್ಟರು, ಯಾವ ಭಾಷೆ ನೋಡಿ ಕೊಟ್ಟರು ಎಂದು ಹೋಲಿಸಲು ಇಲ್ಲಿನ ಒಂದು ವಿಶ್ವವಿದ್ಯಾಲಯ ಯೋಜನೆ ಹಾಕಿಕೊಂಡಿತ್ತು. ಕನ್ನಡದ ಕೈಬರಹ ಓದಲು ಒಬ್ಬ ಬೇಕಿತ್ತು. ಸುಧಾಳ ಐಟಿ ಕೆಲಸದ ಬೆನ್ನು ಹಿಡಿದು ಮೈಸೂರಿನಿಂದ ಡಚ್ಚರ ನಾಡಿನ ಬೆಸ್ಟ್ ಎಂಬ ಊರಿಗೆ ಬಂದು, ಮಧ್ಯಾಹ್ನ ಸಾರು ಮಾಡಿಕೊಂಡು ಕೂತಿದ್ದ ನಾನು ಸಿಕ್ಕಿದೆ. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಕೆಲಸದ ಮುಖ್ಯಸ್ಥೆ ಮಾರೈಕೆ. ಎತ್ತರದ ಹೆಂಗಸು, ಮಾತು ಕಡಿಮೆ, ಪೆನ್ಸಿಲ್ ಚೂಪು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನಾನು ಬುರುಡೆ ಬಿಟ್ಟರೆ ಗೊತ್ತಾಗುತ್ತಿತ್ತು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ವರದಿ ಮಾತ್ರ ಡಚ್ಚಿನಲ್ಲಿ ಕೊಡಬೇಕಿತ್ತು.

ಮೊದಲ ತಿಂಗಳ ಸಾಧನೆ ಹೇಳುತ್ತೇನೆ. ಬಳ್ಳಾರಿ ಕಡೆಯ ಒಂದು ಕಾಗದದಲ್ಲಿ ಸಾಲಿನ ತುದಿಗೆ 'ಮುಚ್ಚಳಿ' ಎಂದು ನಿಂತಿತ್ತು. ಮುಂದಿನ ಸಾಲಿನ ಮೊದಲ ಅಕ್ಷರವನ್ನು ಇಲಿ ತಿಂದಿತ್ತು. ಅದು ಮುಚ್ಚಳಿಕೆ, ಇನ್ನು ತಂಟೆ ಮಾಡುವುದಿಲ್ಲ ಎಂದು ಬರೆದುಕೊಡುವ ಕಾಗದ, ಎಂದು ಪೇಪರ್ ಓದುವ ಯಾವ ಕನ್ನಡಿಗನಿಗೂ ಹೊಳೆಯುತ್ತದೆ. ನಾನು ಡಚ್ಚಿಗೆ ಮಾಡಿದ್ದು ಹೀಗೆ: 'ನ್ಯಾಯಾಲಯವು ಪ್ರತಿವಾದಿಯಿಂದ ಒಂದು ಮುಚ್ಚಳವನ್ನು ಪಡೆದುಕೊಂಡಿತು.' ಮಾರೈಕೆ ಪಕ್ಕದಲ್ಲಿ ಸಣ್ಣಗೆ ಬರೆದಿದ್ದಳು: 'ಯಾವ ಪಾತ್ರೆಯದು?'

ಹೊಸಬರಿಗೆ ಮೊದಲ ಮಾತು ಇದೇ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಬರೆಯಿರಿ. ನಾನು ಬರೆಯಲಿಲ್ಲ, ಮುಚ್ಚಳ ಬರೆದೆ.

ಇನ್ನೂ ಒಂದು ಮಜಾ ಏನೆಂದರೆ, ಸತ್ತು ಹೋದವರು ಭಾಷಾ ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ವರದಿಯ ಅಂಕಣ ತುಂಬುತ್ತಿದ್ದ ಅದೇ ಕಾಲಕ್ಕೆ ನಾನು ಡಚ್ ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. 'ಪಕ್ಕದ ಮನೆಗೆ ಹೊಸಬರು ಬಂದರೆ ಏನು ಮಾಡುತ್ತೀರಿ?' ಎಂದು ಕಂಪ್ಯೂಟರ್ ಕೇಳಿತು. ನಮಸ್ಕಾರ ಹೇಳುತ್ತೇನೆ ಎನ್ನಲು 'ಬೆಖ್ರೂತ್' ಅನ್ನಬೇಕಿತ್ತು. ನಾನು 'ಬೆಖ್ರಾಫ್' ಅಂದೆ. ಹಾಗೆಂದರೆ ಹೂಳುತ್ತೇನೆ. ಹೊಸ ನೆರೆಯವರನ್ನು ಹೂಳುತ್ತೇನೆ, ಆಮೇಲೆ ಕಾಫಿಗೆ ಕರೆಯುತ್ತೇನೆ ಎಂದು ಸ್ಪಷ್ಟವಾಗಿ ಮೈಕಿಗೆ ಹೇಳಿ ಬಂದಿದ್ದೆ. ಮಗಳು ಅದಿತಿ ಫಲಿತಾಂಶದ ಕಾಗದ ತೆರೆದು, "ಪಪ್ಪಾ, ಖೆಜಾಕ್ಟ್," ಅಂದಳು. ಫೇಲ್ ಎಂಬುದಕ್ಕೆ ಡಚ್ಚಿನಲ್ಲಿ ಹಾಗೆನ್ನುತ್ತಾರೆ. ಆ ಪದ ಮಾತ್ರ ನನಗೆ ಅಂದಿನಿಂದ ಮರೆತಿಲ್ಲ.

ಕೆಲಸದ ರೀತಿ ಬದಲಾಗುತ್ತಾ ಬಂತು. ಮೊದಲು ಭಾರತದಿಂದ ಬಂದ ಫೋಟೋಗಳ ಪ್ರಿಂಟು, ಭೂತಗನ್ನಡಿ, ಪೆನ್ಸಿಲ್. ಆಮೇಲೆ ಸ್ಕ್ಯಾನ್. ಆಮೇಲೆ ಒಂದು ಪದಕೋಶದ ಸಾಫ್ಟ್‌ವೇರ್. ಪದದ ಮೇಲೆ ಒತ್ತಿದರೆ ಅದರ ಅರ್ಥಗಳು ಕೆಳಗೆ ಇಳಿಯುತ್ತಿದ್ದವು. ನಂತರ ಕೊರೊನಾ. ಕಚೇರಿಗೆ ಬೀಗ ಬಿತ್ತು. ಊಟದ ಮೇಜನ್ನು ಸುಧಾ ಹಿಡಿದಳು, ಮಹಡಿಯನ್ನು ಅದಿತಿಯ ಆನ್‌ಲೈನ್ ಶಾಲೆ ಹಿಡಿಯಿತು. ನನಗೆ ಉಳಿದದ್ದು ಹಿತ್ತಲಿನ ಮರದ ಶೆಡ್ಡು. ಮೂರು ಸೈಕಲ್, ಒಂದು ಹುಲ್ಲು ಕತ್ತರಿಸುವ ಯಂತ್ರ, ಮಧ್ಯೆ ನಾನು, ತಲೆಗೆ ಉಣ್ಣೆ ಟೋಪಿ. ಅಲ್ಲಿ ಕೂತು ಯಾರು ಜಡ್ಜಿಯಾಗಲು ಯೋಗ್ಯರು ಎಂದು ತೀರ್ಮಾನ ಮಾಡುತ್ತಿದ್ದೆ.

ದಕ್ಷಿಣ ಕನ್ನಡದ ಕಟ್ಟು ಬಂದಿದ್ದು ಆಗಲೇ. ಅದರಲ್ಲಿ ಸಂಕಪ್ಪ ಎಂಬ ವಕೀಲರ ಭಾಷಾ ಪರೀಕ್ಷೆಯ ಉತ್ತರ ಪತ್ರಿಕೆ ಇತ್ತು. ಮನೆಮಾತು ತುಳು. ಕಾನೂನಿನ ಪರೀಕ್ಷೆಗಳೆಲ್ಲ ಪಾಸು. ಕನ್ನಡದ ಒಂದು ಅರ್ಜಿಯನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. 'ಯಜಮಾನನು ತೀರಿಕೊಂಡ ಮೇಲೆ ಸದರಿ ಭೂಮಿಯನ್ನು ಅವನ ಅಳಿಯನು ಅನುಭವಿಸಿಕೊಂಡು ಬಂದಿರುತ್ತಾನೆ.' ಸಂಕಪ್ಪನವರು ಅಳಿಯ ಎಂಬಲ್ಲಿ 'ಸಹೋದರಿಯ ಮಗ' ಎಂದು ಬರೆದಿದ್ದರು. ಪರೀಕ್ಷಕರು ಅದರ ಕೆಳಗೆ ಮೂರು ಕೆಂಪು ಗೆರೆ ಎಳೆದು, 'ದೇಶಭಾಷೆಯ ತೀರ ಸಾಮಾನ್ಯ ಪದವೂ ಅಭ್ಯರ್ಥಿಗೆ ತಿಳಿದಿಲ್ಲ' ಎಂದು ಷರಾ ಬರೆದಿದ್ದರು. ಅನುತ್ತೀರ್ಣ. ಸಹಿಯ ಕೆಳಗೆ ಕನ್ನಡದಲ್ಲಿ ಪರೀಕ್ಷಕರ ಊರು: ಮೈಸೂರು.

ನನಗೆ ಆದದ್ದು ಹೆಮ್ಮೆ. ನಮ್ಮೂರಿನವರು ಎಷ್ಟು ಚೊಕ್ಕ ಎಂದುಕೊಂಡೆ. ಅಳಿಯ ಎಂದರೆ ಮಗಳ ಗಂಡ, ಇನ್ನೇನು? ಅಕ್ಕನ ಮಗನಾದರೆ ನಾವು ಸೋದರಳಿಯ ಅನ್ನುತ್ತೇವೆ. ಪದಕೋಶ ಎರಡೂ ಅರ್ಥ ತೋರಿಸಿತ್ತು. ನಾನು ಮೊದಲನೆಯದನ್ನು ಒತ್ತಿ, ಎರಡನೆಯದನ್ನು ಅಳಿಸಿದೆ. ವರದಿಯಲ್ಲಿ 'ಸ್ಖೋನ್‌ಜೋನ್' ಎಂದು ಬರೆದೆ, ಡಚ್ಚಿನಲ್ಲಿ ಮಗಳ ಗಂಡ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನನ್ನದೂ ಒಂದು ಸಾಲು ಸೇರಿಸಿದೆ: 'ಮನೆಮಾತು ಬೇರೆಯಾದ್ದರಿಂದ ಅಭ್ಯರ್ಥಿಯ ಕನ್ನಡ ಬಲಹೀನ.'

ಆ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರೆಲ್ಲ ಸೇರಿ ಝೂಮಿನಲ್ಲಿ ರಾಜ್ಯೋತ್ಸವ ಮಾಡಿದರು. ನನ್ನದು 'ಕೋರ್ಟಿನ ಕನ್ನಡ' ಎಂಬ ಭಾಷಣ. ಶೆಡ್ಡಿನಲ್ಲಿ ಸೈಕಲ್ಲಿಗೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡು ಕೂತೆ. ಸಂಕಪ್ಪನವರ ಪತ್ರಿಕೆ ತೋರಿಸಿ, "ನೋಡಿ, ಜಡ್ಜ್ ಆಗಕ್ಕೆ ಹೊರಟೋರಿಗೆ ಅಳಿಯ ಯಾರು ಅಂತ್ಲೇ ಗೊತ್ತಿಲ್ಲ. ಮದುವೆ ಮನೇಲಿ ಇವರನ್ನ ಹೇಗೆ ಸುಧಾರಿಸಿದ್ರೋ," ಎಂದು ನಗಿಸಿದೆ. ನಕ್ಕರು. ಇನ್ನೊಂದು ಜೋಕು ಹೇಳುವಷ್ಟರಲ್ಲಿ ಒಂದು ದನಿ ಬಂತು.

"ಸ್ವಲ್ಪ ಹಿಂದೆ ಹೋಗಿ. ಆ ಕೆಂಪು ಗೆರೆ ಉಂಟಲ್ಲ, ಅದು."

"ಯಾರು ಮಾತಾಡ್ತಿರೋದು?"

"ನಾನು ಗಿರಿಜಾ, ಎನ್ಸ್‌ಕೆಡೆಯಿಂದ. ಮಗಳ ಮನೆಗೆ ಮೂರು ತಿಂಗಳಿಗೆ ಅಂತ ಬಂದವಳು, ವಿಮಾನ ನಿಂತು ಇಲ್ಲಿಯೇ ಬಾಕಿ. ಅದರಲ್ಲಿ ಹೆಸರು ಎಂತ ಉಂಟು, ಓದಿ ನೋಡುವ."

"ಸಂಕಪ್ಪ. ನೇರಳಗುಡ್ಡೆ ಮನೆ."

"ಅವರು ನನ್ನ ಅಮ್ಮನ ಮಾವ."

ನಾನು ಬುದ್ಧಿವಂತಿಕೆ ಬಿಡಲಿಲ್ಲ. "ಓ, ಅಮ್ಮನ ಮಾವ ಅಂದ್ರೆ ನಿಮ್ಮ ತಂದೆಯವರ ತಂದೆ."

"ಅಲ್ಲ ಮಾರಾಯ್ರೆ. ಅಮ್ಮನ ಅಮ್ಮನ ಅಣ್ಣ. ನಿಮಗೆ ಅಳಿಯನೂ ಗೊತ್ತಿಲ್ಲ, ಮಾವನೂ ಗೊತ್ತಿಲ್ಲ. ನಮ್ಮಲ್ಲಿ ಮನೆಯ ಯಜಮಾನ ಮಾವ. ಅವರ ನಂತರ ಆಸ್ತಿ ಅಕ್ಕ ತಂಗಿಯರ ಮಕ್ಕಳಿಗೆ. ಆ ಮಗನೇ ಅಳಿಯ. ಅಳಿಯಸಂತಾನ ಅಂತ ಕೇಳಿ ಗೊತ್ತುಂಟಾ?"

ಕೇಳಿ ಗೊತ್ತಿತ್ತು. ಎಂ.ಎ.ಯಲ್ಲಿ ಅದರ ಮೇಲೆ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದು ಒಂಬತ್ತು ತೆಗೆದುಕೊಂಡಿದ್ದೆ. ಬರೆದದ್ದು ಬೇರೆ, ಓದುವಾಗ ನೆನಪಾಗುವುದು ಬೇರೆ.

"ಹಾಗಾದ್ರೆ ಅವರು ಬರೆದದ್ದು ಸರಿಯೇ ಉಂಟಲ್ಲ," ಅಂದರು ಗಿರಿಜಕ್ಕ. ದನಿ ಏರಿರಲಿಲ್ಲ. ಎಲ್ಲರೂ ಮ್ಯೂಟ್ ಆದರು. ಸುಧಾಳಿಂದ ವಾಟ್ಸಾಪ್ ಬಂತು: 'ವಿಡಿಯೋ ಆಫ್ ಮಾಡ್ಕೊ. ಮುಖ ನೋಡಕ್ಕಾಗ್ತಿಲ್ಲ.'

ಮಾರನೆಯ ದಿನ ಗಿರಿಜಕ್ಕ ಫೋನ್ ಮಾಡಿದರು. ಬೈಯುತ್ತಾರೆ ಎಂದು ತಯಾರಾಗಿದ್ದೆ. ಅವರು ಕೂತು ಕಥೆ ಹೇಳಿದರು. ಸಂಕಪ್ಪನವರು ಕನ್ನಡದಲ್ಲಿ ಫೇಲಾದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಕೋರ್ಟಿನಿಂದ ಹೊರಗೆ ಕನ್ನಡವನ್ನೇ ಆಡಲಿಲ್ಲ. ಮನೆಯ ಮಕ್ಕಳು ಒಂದು ಕಾಗುಣಿತ ತಪ್ಪಿದರೂ 'ಸಂಕಪ್ಪ ಮಾವನ ಹಾಗೆ ಆಗ್ತೀ' ಎಂಬ ಮಾತು ಕೇಳಬೇಕಿತ್ತು.

"ನನಗೆ ಲೆಕ್ಕ ಅಂದ್ರೆ ಜೀವ. ಕಾಲೇಜಿಗೆ ಸೇರುವಾಗ ಮನೆಯವರು, ಇಲ್ಲ, ಒಬ್ಬಳಾದರೂ ಕನ್ನಡ ಓದಿ ಆ ಹೆಸರು ತೊಳೆಯಬೇಕು ಅಂತ ಹೇಳಿ ಎಂ.ಎ.ವರೆಗೂ ಕನ್ನಡವೇ ಓದಿಸಿದ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ. ಬೇಜಾರಿಲ್ಲ. ಆದರೆ ಅದೆಲ್ಲ ಆ ಗೆರೆಯಿಂದ ಅಂತ ನಿನ್ನೆಯೇ ಗೊತ್ತಾದ್ದು."

ನಾನು ಸೈಕಲ್ಲಿನಿಂದ ಬಾವುಟ ಬಿಚ್ಚುತ್ತಾ ಕೇಳುತ್ತಿದ್ದೆ.

"ನಿಮ್ಮ ವರದಿ ಎಲ್ಲರಿಗೂ ಕಾಣುವ ಹಾಗೆ ವೆಬ್‌ಸೈಟಿಗೆ ಹಾಕ್ತಾರಂತೆ ಅಲ್ವಾ? ಅದರಲ್ಲಿಯೂ ಅವರಿಗೆ ಕನ್ನಡ ಬರುವುದಿಲ್ಲ ಅಂತಲೇ ಇರ್ತದಾ?"

"ಅಡಿಟಿಪ್ಪಣಿ ಹಾಕ್ತೀನಿ, ಗಿರಿಜಕ್ಕ."

"ಅಡಿಟಿಪ್ಪಣಿ ಯಾರು ಓದ್ತಾರೆ? ಕಲಿಸಿದ ನಾನೇ ಓದುವುದಿಲ್ಲ. ಮೇಲೆ ಹಾಕಿ. ಹಾಕಿದ ಮೇಲೆ ನನಗೊಂದು ಕಾಗದ ಬರೆದು ಕೊಡಿ, ಕನ್ನಡದಲ್ಲಿ. ಊರಿನಲ್ಲಿ ನನ್ನ ಅಕ್ಕ ಇದ್ದಾಳೆ, ಅವಳಿಗೆ ಓದಿ ಹೇಳಬೇಕು."

ಯೋಜನೆ ಮುಚ್ಚಲು ಆರು ವಾರವಿತ್ತು. ಆ ಸಾಲನ್ನು ತಿದ್ದಬೇಕಾದರೆ ಮಾರೈಕೆಗೆ ನಾನು ತಪ್ಪು ಮಾಡಿದ್ದೇನೆ ಎಂದು ಬರೆಯಬೇಕು. ಆ ಕಟ್ಟಿನ ತುಂಬ ಅಳಿಯಂದಿರು. ಎಲ್ಲರನ್ನೂ ಮಗಳ ಗಂಡ ಮಾಡಿ ಕೂರಿಸಿದ್ದೆ. ಹನ್ನೆರಡು ವರ್ಷದ ಕೆಲಸದ ಬೀಳ್ಕೊಡುಗೆಗೆ ಇದನ್ನೇ ಕೊಡಬೇಕೇ ಎಂದು ನಾಲ್ಕು ದಿನ ಶೆಡ್ಡಿನಲ್ಲಿ ಸೈಕಲ್ಲಿಗೆ ಎಣ್ಣೆ ಬಿಡುತ್ತಾ ಕಳೆದೆ. ಐದನೆಯ ದಿನ ಸುಧಾ ಕಾಫಿ ತಂದಳು. "ಚೈನ್ ಸಾಕಷ್ಟು ಹೊಳೀತಿದೆ. ಮೇಲ್ ಕಳ್ಸು," ಅಂದಳು.

ಕಳಿಸಿದೆ. ಗಡಿಬಿಡಿಯಲ್ಲಿ ಅಲ್ಲೂ ಎಡವಿದೆ. 'ಸ್ಖೋನ್‌ಜೋನ್ ಅಲ್ಲ, ನೇಫ್' ಎಂದು ಬರೆದಿದ್ದೆ. ಮಾರೈಕೆಯ ಉತ್ತರ ಒಂದೇ ಸಾಲು: 'ಹಾಗಾದರೆ ಆಸ್ತಿ ಚಿಕ್ಕಪ್ಪನ ಮಗನಿಗೆ ಹೋಗುತ್ತಿತ್ತೇ?' ಡಚ್ಚಿನಲ್ಲಿ ನೇಫ್ ಎಂದರೆ ಅಕ್ಕನ ಮಗನೂ ಹೌದು, ಚಿಕ್ಕಪ್ಪನ ಮಗನೂ ಹೌದು. ಒಬ್ಬ ಅಳಿಯನನ್ನು ಬಿಡಿಸಲು ಹೋಗಿ ಇನ್ನೊಂದು ಗಂಟಿಗೆ ಕಟ್ಟಿದ್ದೆ.

ಕಚೇರಿ ಇಲ್ಲದ ಕಾಲ. ಮಾರೈಕೆ ವಾಗೆನಿಂಗನ್ ಊರಿನವಳು. ಅಲ್ಲಿಗೇ ಬಾ, ನಡೆಯುತ್ತಾ ಮಾತಾಡೋಣ ಅಂದಳು. ನದಿಯ ಏರಿಯ ಮೇಲೆ ನಡೆದೆವು, ಮಧ್ಯೆ ಒಂದೂವರೆ ಮೀಟರ್ ಬಿಟ್ಟು. ಎದುರುಗಾಳಿ. ನಾನು ನನ್ನ ತಪ್ಪನ್ನು ಕೂಗಿ ಕೂಗಿ ಒಪ್ಪಿಕೊಳ್ಳಬೇಕಾಯಿತು. ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬರು ತಿರುಗಿ ನೋಡಿದರು.

"ಮಾವ ಎಂದು ಕರೆಯುವ ಹುಡುಗ, ಅಲ್ಲವಾ?" ಅಂದಳು ಮಾರೈಕೆ. "ಅದಕ್ಕೆ ನಮ್ಮಲ್ಲಿ ಪದ ಇದೆ. ಓಮ್‌ಜೆಖರ್. ಓಮ್ ಅಂದರೆ ಮಾವ, ಜೆಖರ್ ಅಂದರೆ ಕರೆಯುವವನು. ನನ್ನ ಅಜ್ಜಿ ಹೇಳುತ್ತಿದ್ದಳು. ಈಗ ಯಾರೂ ಅಷ್ಟಾಗಿ ಬಳಸುವುದಿಲ್ಲ."

"ಚಿಕ್ಕಪ್ಪನನ್ನೂ ಓಮ್ ಅಂತೀರಲ್ಲ?"

"ಅಂತೀವಿ. ಅದಕ್ಕೇ ಆ ಪದವೂ ಬೇಡ, 'ಸಹೋದರಿಯ ಮಗ' ಎಂದೇ ಬರಿ. ನಿನ್ನ ವಕೀಲರು ಬರೆದ ಹಾಗೆ. ಅವರು ಆಗಲೇ ಸರಿಯಾಗಿ ಬರೆದಿದ್ದರಲ್ಲ."

ಗಾಳಿಗೆ ಬೆನ್ನು ಕೊಟ್ಟು ನನ್ನ ಕಡೆ ತಿರುಗಿದಳು. "ಪರೀಕ್ಷಕರ ಷರಾ ತೆಗೆಯಲು ಬರುವುದಿಲ್ಲ. ಅದು ದಾಖಲೆ. ಆದರೆ ನೀನು ಸೇರಿಸಿದ ಸಾಲು ದಾಖಲೆ ಅಲ್ಲ. ಅದು ಯಾಕೆ ಬಂತು?"

"ನನಗೆ ಬರತ್ತೆ ಅಂತ ತೋರಿಸಕ್ಕೆ," ಎಂದೆ. ಆ ಗಾಳಿಗೆ ಸುಳ್ಳು ಕೂಗಲು ಗಂಟಲಲ್ಲಿ ಶಕ್ತಿ ಇರಲಿಲ್ಲ.

"ಹಾಗಾದರೆ ಎರಡು ಅಂಕಣ ಕಡಿಮೆ ಇವೆ. ಅಭ್ಯರ್ಥಿಯ ಭಾಷೆ ಬರೆದೆವು, ಪರೀಕ್ಷಕರದ್ದು ಬರೆಯಲಿಲ್ಲ. ಓದಿದವರದ್ದೂ, ಅಂದರೆ ನಿನ್ನದೂ, ಬರೆಯಲಿಲ್ಲ. ಎರಡೂ ಸೇರಿಸು."

ಮುಂದಿನ ಮೂರು ವಾರ ನಾನು ಇಡೀ ಕಟ್ಟನ್ನು ಮತ್ತೆ ಓದಿದೆ. ಮಧ್ಯಾಹ್ನ ನಾಲ್ಕಕ್ಕೆ ಗಿರಿಜಕ್ಕನಿಗೆ ಫೋನ್. ಹಿಂದಿನಿಂದ ಮೊಮ್ಮಗಳ ದನಿ ಕೇಳುತ್ತಿತ್ತು. ಅವಳ ಡಚ್ ಶಾಲೆಯ ಗಣಿತದ ಪುಸ್ತಕವನ್ನು ಅಜ್ಜಿ ಬಿಡಿಸಿಕೊಡುತ್ತಿದ್ದರು. ಭಾಷೆ ಬೇಡ, ಅಂಕಿ ನೋಡಿದರೆ ಸಾಕು ಎನ್ನುತ್ತಿದ್ದರು.

"ಇವತ್ತಿನ ಅಳಿಯ ಹೇಳಿ."

"'ಅಳಿಯನು ಮಾವನ ಮನೆಯಲ್ಲಿ ಹುಟ್ಟಿ ಬೆಳೆದವನು' ಅಂತಿದೆ."

"ಅಲ್ಲೇ ಹುಟ್ಟಿದವ ಅಂದ್ರೆ ಮತ್ತೆ ಯಾರು? ತಂಗಿಯ ಮಗ. ಮುಂದಿನದು."

"'ಅಳಿಯನು ಹಬ್ಬಕ್ಕೆ ಬಂದವನು ಜಗಳ ಮಾಡಿ ಹೋದನು.'"

"ಅದು ಮಗಳ ಗಂಡ. ಅದಕ್ಕೆ ಸಂಶಯವೇ ಬೇಡ."

ಕೊನೆಗೆ ಸಂಕಪ್ಪನವರ ಪತ್ರಿಕೆಯನ್ನು ಸಾಲು ಸಾಲಾಗಿ ನೋಡಿದೆವು. ಒಂದೆರಡು ಕಡೆ ಇಂಗ್ಲಿಷ್ ಕಾಗುಣಿತಕ್ಕೆ ಸಣ್ಣ ಗೆರೆ. ಫೇಲು ಮಾಡಲು ಕೊಟ್ಟ ಕಾರಣ ಅಳಿಯ ಒಬ್ಬನೇ. ತಿದ್ದಿದ ನಮೂದು ಈಗ ಹೀಗಿದೆ. ಕಾನೂನು: ಉತ್ತೀರ್ಣ. ಭಾಷೆ: ಪರೀಕ್ಷಕರ ಪ್ರಕಾರ ಅನುತ್ತೀರ್ಣ, ಅಭ್ಯರ್ಥಿಯ ಉತ್ತರ ಸರಿ. ಪರೀಕ್ಷಕರ ಭಾಷೆ: ಮೈಸೂರು ಕನ್ನಡ. ಓದಿದವರ ಭಾಷೆ: ಮೈಸೂರು ಕನ್ನಡ, ಕರಾವಳಿಯ ಸಂಬಂಧದ ಪದಗಳಿಗೆ ಸಹಾಯ ಬೇಕಾಯಿತು. ಸಹಾಯ: ಗಿರಿಜಾ, ನಿವೃತ್ತ ಕನ್ನಡ ಶಿಕ್ಷಕಿ. ಇದೆಲ್ಲ ಮೇಲೇ ಇದೆ, ಅಡಿಟಿಪ್ಪಣಿಯಲ್ಲಿ ಅಲ್ಲ. ಹನ್ನೆರಡು ವರ್ಷದಲ್ಲಿ ನನ್ನ ಅರ್ಹತೆಯ ಬಗ್ಗೆ ಯಾರಾದರೂ ಬರೆದ ನಿಜವಾದ ಸಾಲು ಇದೊಂದೇ, ಅದನ್ನೂ ನಾನೇ ಟೈಪ್ ಮಾಡಬೇಕಾಯಿತು.

ಕಾಗದವನ್ನೂ ಬರೆದೆ, ಬಿಳಿ ಹಾಳೆಯಲ್ಲಿ, ಕೈಯಲ್ಲೇ. 'ಶ್ರೀ ಸಂಕಪ್ಪನವರು ಅಳಿಯ ಎಂಬ ಪದಕ್ಕೆ ಬರೆದ ಅರ್ಥ ಸರಿಯಾಗಿದ್ದು, ಮುನ್ಸೀಫ್ ಉಧ್ಯೋಗಕ್ಕೆ ಬೇಕಾದ ಕನ್ನಡ ಅವರಿಗಿತ್ತು ಎಂದು ಈ ಮೂಲಕ ತಿಳಿಸುತ್ತೇನೆ.' ಎನ್ಸ್‌ಕೆಡೆಗೆ ಅಂಚೆಗೆ ಹಾಕಿದೆ. ಎರಡು ದಿನ ಬಿಟ್ಟು ಅದರ ಫೋಟೋ ವಾಟ್ಸಾಪಿನಲ್ಲಿ ಬಂತು. 'ಉಧ್ಯೋಗ'ದ 'ಧ್ಯೋ' ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಒಂದು ಸುತ್ತು. ಕೆಳಗೆ: 'ಎಂ.ಎ. ಎಲ್ಲಿ ಮಾಡಿದ್ದು? ಇನ್ನೊಂದು ಪ್ರತಿ ಬರೆದು ಕಳಿಸಿ.' ಬರೆದು ಕಳಿಸಿದೆ.

ವಿಮಾನ ಬಿಟ್ಟ ಮೇಲೆ ಗಿರಿಜಕ್ಕ ಊರಿಗೆ ಹೋದರು. ಹೋಗಿ ಒಂದು ವಾರಕ್ಕೆ ಫೋನ್ ಬಂತು.

"ಅಕ್ಕನಿಗೆ ಓದಿ ಹೇಳಿದೆ. ಕಿವಿ ಮಂದ, ಎರಡು ಸಲ ಓದಿಸಿದಳು."

"ಏನಂದ್ರು?"

"ಎಂತ ಇಲ್ಲ. ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟಳು. ಆಮೇಲೆ, 'ಹಾಗಾದ್ರೆ ನೀನು ಲೆಕ್ಕ ಓದಬಹುದಿತ್ತು' ಅಂದಳು."

ನಮ್ಮೂರಿನವರು ಎಳೆದ ಗೆರೆ ಇಷ್ಟು ದೂರ ಬಂದಿತ್ತು. ನಾನೂ ಅದರ ಮೇಲೆ ಇನ್ನೊಂದು ಎಳೆದಿದ್ದೆ.

"ನೀವೇನಂದ್ರಿ ಗಿರಿಜಕ್ಕ?"

"ಬ್ಯಾಗಿನಿಂದ ಮೊಮ್ಮಗಳ ಹಳೆಯ ಪುಸ್ತಕ ತೆಗೆದು ತೋರಿಸಿದೆ. ಡಚ್ಚಿನದು. ಐದನೇ ಪಾಠದಲ್ಲಿದ್ದೇನೆ. ಭಾಷೆ ಬರುವುದಿಲ್ಲ ಅಂತ ಫೇಲು ಮಾಡಲಿಕ್ಕೆ ಈಗ ಯಾರು ಉಂಟು?"

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನನ್ನ ಹತ್ತಿರ ಇರುವುದು ಇಷ್ಟೇ. ಪದ ಗೊತ್ತಿದೆ ಅನಿಸಿದಾಗ ಅದು ಯಾವ ಮನೆಯ ಪದ ಎಂದು ಒಬ್ಬರನ್ನು ಕೇಳಿ, ಆಮೇಲೆ ಬರೆಯಿರಿ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಮಾವ, ಅಳಿಯ, ಅತ್ತೆ, ಚಿಕ್ಕಿ ಯಾರಾದರೂ ಒಂದು ಕಚೇರಿಯ ಕಾಗದದಲ್ಲಿ, ಶಾಲೆಯ ರಿಜಿಸ್ಟರಿನಲ್ಲಿ, ಇಲ್ಲಿನ ಖೆಮೇಂತೆಯ, ಅಂದರೆ ನಗರಸಭೆಯ, ಕೌಂಟರಿನಲ್ಲಿ ಬೇರೆ ಯಾರೋ ಆಗಿಹೋದದ್ದುಂಟಾ? ಯಾರು ಬರೆದರು, ಅದರಿಂದ ಮನೆಯಲ್ಲಿ ಏನಾಯಿತು, ಕೆಳಗೆ ಬರೆಯಿರಿ. ನಿಮ್ಮ ಮನೆಯಲ್ಲಿ ಹೇಗೆ ಆಡುತ್ತೀರೋ ಹಾಗೆಯೇ ಬರೆಯಿರಿ. ನಾನು ತಿದ್ದುವುದಿಲ್ಲ, ಆ ಅರ್ಹತೆ ನನಗಿಲ್ಲ ಎಂಬುದು ಈಗ ದಾಖಲೆಯಲ್ಲೇ ಇದೆ. ಗಿರಿಜಕ್ಕ ಓದುತ್ತಾರೆ, ಕಾಗುಣಿತ ಮಾತ್ರ ಸ್ವಲ್ಪ ನೋಡಿಕೊಳ್ಳಿ.